ಹಾರದ ನೌಕೆಯ ಮೈಮೇಲಿನ ಮಸಿ

ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಪ್ಲಾಸ್ಟಿಕ್ ಕಿಟ್ ಜೋಡಿಸುವವರಿಗೆ ಸಂದೇಹ ಬಂದರೆ ಕೇಳಿ ತಿಳಿಯಲು ಜಾಗಗಳಿವೆ. ಹಳೆಯ ಫೋಟೋಗಳಿವೆ, ಮ್ಯೂಸಿಯಂಗಳಲ್ಲಿ ನಿಂತ ವಿಮಾನಗಳಿವೆ, ವಾಯುಪಡೆಯ ಬಣ್ಣದ ಪಟ್ಟಿಗಳಿವೆ. ರೆಕ್ಕೆಯ ಬುಡದಲ್ಲಿ ಪೈಲಟ್ ಬೂಟುಗಾಲಿನಲ್ಲಿ ಹತ್ತಿಳಿದ ಕಡೆ ಬಣ್ಣ ಸವೆದು ತಗಡು ಹೊಳೆಯುತ್ತಿತ್ತು ಎಂಬುದನ್ನು ಊಹಿಸಬೇಕಾಗಿಲ್ಲ, ನೋಡಿದರೆ ಸಾಕು. ವೈಜ್ಞಾನಿಕ ಕಥೆಯ ನೌಕೆಯ ಕಿಟ್ ಮುಂದಿಟ್ಟುಕೊಂಡು ಕೂತವರಿಗೆ ಈ ಆಸರೆ ಇಲ್ಲ. ಆ ನೌಕೆ ಎಂದೂ ಹಾರಿಲ್ಲ, ಎಲ್ಲೂ ಇಳಿದಿಲ್ಲ, ಅದರ ಬೂದು ಬಣ್ಣಕ್ಕೆ ಯಾವ ಇಲಾಖೆಯ ಮುದ್ರೆಯೂ ಇಲ್ಲ. ಹಾಗಾಗಿ ಇದು ಸುಲಭದ ಕೆಲಸ, ಇದರಲ್ಲಿ ತಪ್ಪೆಂಬುದೇ ಇಲ್ಲ ಎಂಬ ಮಾತು ಈ ಹವ್ಯಾಸದ ಒಳಗೂ ಹೊರಗೂ ಓಡಾಡುತ್ತಿರುತ್ತದೆ. ಕಿಟ್‌ಗಳ ಜೊತೆ ಕಳೆದ ಕಾಲ ನನಗೆ ಕಲಿಸಿದ್ದು ಇದರ ತದ್ವಿರುದ್ಧ. ಮೂಲವಿಲ್ಲದ ವಸ್ತುವಿಗೆ ಬಣ್ಣ ಹಾಕುವಾಗ ಪ್ರತಿ ಕಲೆಗೂ ಪ್ರತಿ ಗೀರಿಗೂ ಕಾರಣವನ್ನು ನಾವೇ ಒದಗಿಸಬೇಕು; ಆ ಕಾರಣಗಳು ಒಂದಕ್ಕೊಂದು ಹೊಂದಲೂಬೇಕು. ಹೊಂದದಿದ್ದರೆ ನೋಡುವವರ ಕಣ್ಣು, ಯಾಕೆಂದು ಬಾಯಿಬಿಟ್ಟು ಹೇಳಲಾಗದಿದ್ದರೂ, ಅದನ್ನು ಆಟಿಕೆಯೆಂದು ಪಕ್ಕಕ್ಕೆ ಇಟ್ಟುಬಿಡುತ್ತದೆ.

ಇದನ್ನು ಹೇಳಲು ‘ಸ್ಟಾರ್ ವಾರ್ಸ್’ ಚಿತ್ರದ ಮಿಲೇನಿಯಂ ಫಾಲ್ಕನ್ ನೌಕೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಜಾರ್ಜ್ ಲೂಕಾಸ್ ತನ್ನ ಚಿತ್ರಕ್ಕಾಗಿ 1975ರಲ್ಲಿ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಎಂಬ ಕಾರ್ಯಾಗಾರ ತೆರೆದ. ಅಲ್ಲಿ ಈ ನೌಕೆಗೆ ಮೊದಲು ರೂಪುಗೊಂಡದ್ದು ಉದ್ದನೆಯ ಬೇರೊಂದು ವಿನ್ಯಾಸ. ಅದು ‘ಸ್ಪೇಸ್: 1999’ ಟಿವಿ ಸರಣಿಯ ಈಗಲ್ ನೌಕೆಯನ್ನು ನೆನಪಿಸುತ್ತದೆಂದು ಕೈಬಿಟ್ಟರು, ಚಿತ್ರದ ಮೊದಲ ದೃಶ್ಯದಲ್ಲೇ ಬೆನ್ನಟ್ಟಿಸಿಕೊಂಡು ಓಡುವ ಹಡಗಾಗಿ ಅದು ಬದುಕಿಕೊಂಡಿತು. ಆಮೇಲೆ ಬಂದದ್ದು ಈಗ ಎಲ್ಲರಿಗೂ ಗೊತ್ತಿರುವ ತಟ್ಟೆಯಾಕಾರ. ಚಿತ್ರೀಕರಣಕ್ಕಾಗಿ ಕಟ್ಟಿದ ಮಾದರಿ ಸುಮಾರು ಐದು ಅಡಿ ಉದ್ದವಿತ್ತು. ಅದರ ಮೈತುಂಬ ತುಂಬಿದ ಪೈಪು, ಪೆಟ್ಟಿಗೆ, ಜಾಲರಿಗಳಲ್ಲಿ ಬಹುಪಾಲು ಅಂಗಡಿಯಲ್ಲಿ ಸಿಗುವ ಟ್ಯಾಂಕು, ವಿಮಾನ, ಕಾರು, ಹಡಗುಗಳ ಪ್ಲಾಸ್ಟಿಕ್ ಕಿಟ್‌ಗಳಿಂದ ಕಿತ್ತ ಬಿಡಿಭಾಗಗಳು. ಅಂದರೆ ಇವತ್ತು ನಾವು ಫಾಲ್ಕನ್ ಕಿಟ್ ಜೋಡಿಸುವಾಗ, ನೂರಾರು ಬೇರೆ ಕಿಟ್‌ಗಳ ತುಣುಕುಗಳಿಂದ ಆದ ಒಂದು ವಸ್ತುವಿನ ಕಿಟ್ಟನ್ನು ಜೋಡಿಸುತ್ತಿರುತ್ತೇವೆ. 2017ರಲ್ಲಿ ಜಪಾನಿನ ಬಂದಾಯ್ ಕಂಪನಿ ಹೊರತಂದ 1/72 ಅಳತೆಯ ಪರ್ಫೆಕ್ಟ್ ಗ್ರೇಡ್ ಫಾಲ್ಕನ್‌ನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ, ಹಿಂದೊಮ್ಮೆ ಯಾವುದೋ ಟ್ಯಾಂಕಿನ ಮಗ್ಗುಲಲ್ಲಿದ್ದ ಆಕಾರ ಅಕ್ಕಿಕಾಳಿನ ಗಾತ್ರಕ್ಕಿಳಿದು ಅಲ್ಲಿ ಕೂತಿರುವುದು ಕಾಣುತ್ತದೆ.

ಆ ಕಾರ್ಯಾಗಾರದವರು ಈ ತುಣುಕುಗಳನ್ನು ಕಣ್ಣುಮುಚ್ಚಿ ಎರಚಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಟ್ಯಾಂಕಿನ ಭಾಗ, ಎಂಜಿನ್ನಿನ ಭಾಗ ಎಲ್ಲವೂ ನಿಜವಾಗಿ ಕೆಲಸ ಮಾಡಿದ ಯಂತ್ರಗಳ ನಕಲು. ಅವುಗಳ ಆಕಾರದಲ್ಲೇ ಒಂದು ಉದ್ದೇಶ ಅಡಗಿದೆ; ಬೋಲ್ಟು ಇರುವುದು ಬಿಗಿಯಲು, ರೆಕ್ಕೆಗಳಿರುವುದು ಶಾಖ ಬಿಡಲು. ಪೈಪೊಂದು ಒಂದು ಪೆಟ್ಟಿಗೆಯಿಂದ ಹೊರಟು ಇನ್ನೊಂದನ್ನು ಸೇರುತ್ತದೆ. ನೋಡುವವರಿಗೆ ಅದರೊಳಗೆ ಏನು ಹರಿಯುತ್ತದೆಂದು ಗೊತ್ತಿಲ್ಲ, ಆದರೆ ಏನೋ ಹರಿಯುತ್ತದೆ ಎಂಬ ನಂಬಿಕೆ ಹುಟ್ಟುತ್ತದೆ. ಬಣ್ಣ ಹಾಕುವವರು ಈ ನಂಬಿಕೆಯನ್ನು ಮುಂದಕ್ಕೆ ಒಯ್ಯಬೇಕು. ಇಡೀ ಗುಂಪಿಗೆ ಒಂದೇ ಬೂದು ಬಳಿದು, ಮೇಲೆ ಕಪ್ಪು ನೀರುಬಣ್ಣ ಹರಿಸಿದರೆ ಅದು ಗುಂಪಾಗಿಯೇ ಉಳಿಯುತ್ತದೆ. ಇದು ಇಂಧನದ ಕೊಳವೆ, ಇದು ಶಾಖ ಹೊರಹಾಕುವ ಭಾಗ, ಇದು ಕೈಯಿಟ್ಟು ತೆರೆಯುವ ಮುಚ್ಚಳ ಎಂದು ಮೊದಲೇ ತೀರ್ಮಾನಿಸಿಕೊಂಡರೆ ಕುಂಚಕ್ಕೆ ದಾರಿ ತಾನಾಗಿ ಸಿಗುತ್ತದೆ: ಶಾಖ ಹೊರಹಾಕುವಲ್ಲಿ ಕಂದು ಛಾಯೆ, ಮುಚ್ಚಳದ ಅಂಚಿನಲ್ಲಿ ಸವೆತ, ಕೊಳವೆಯ ಕೀಲಿನಲ್ಲಿ ಜಿಡ್ಡು. ಈ ತೀರ್ಮಾನಗಳು ಯಾವ ಕೈಪಿಡಿಯಲ್ಲೂ ಇಲ್ಲ. ನನ್ನ ತೀರ್ಮಾನ ನನ್ನದು, ಇನ್ನೊಬ್ಬರದು ಇನ್ನೊಂದು. ಆದರೆ ತೀರ್ಮಾನವೇ ಇಲ್ಲದ ಮಾಡೆಲ್ಲನ್ನು ಮೂರು ಮಾರು ದೂರದಿಂದ ಗುರುತಿಸಬಹುದು.

ಇನ್ನೊಂದು ಸಾಕ್ಷಿ ಲೆಕ್ಕದಿಂದ ಬರುತ್ತದೆ. 1/72 ಅಳತೆಯ ಫಾಲ್ಕನ್ ಸುಮಾರು 48 ಸೆಂಟಿಮೀಟರ್ ಉದ್ದ. 72ರಿಂದ ಗುಣಿಸಿದರೆ ಸುಮಾರು ಮೂವತ್ತನಾಲ್ಕೂವರೆ ಮೀಟರ್ ಉದ್ದದ ನೌಕೆ. ಈ ಗುಣಾಕಾರವನ್ನು ಕುಂಚದ ತುದಿಗೂ ಅನ್ವಯಿಸಬೇಕು ಎಂಬುದು ನಾನು ಕಲಿತ ಪಾಠಗಳಲ್ಲಿ ಬಹಳ ದೊಡ್ಡದು. ಅರ್ಧ ಮಿಲಿಮೀಟರ್ ಅಗಲದ ಕಪ್ಪು ಗೆರೆ ನಿಜದ ನೌಕೆಯಲ್ಲಿ 3.6 ಸೆಂಟಿಮೀಟರ್ ಅಗಲದ ಬಿರುಕು. ಎರಡು ತಗಡುಗಳ ನಡುವೆ ಅಷ್ಟು ಸಂದು ಬಿಟ್ಟು ಯಾರೂ ನೌಕೆ ಕಟ್ಟುವುದಿಲ್ಲ. ಒಂದು ಮಿಲಿಮೀಟರ್ ಅಗಲದ ಬಣ್ಣದ ಚಕ್ಕೆ ಎದ್ದಂತೆ ತೋರಿಸಿದರೆ ಅದು ಏಳು ಸೆಂಟಿಮೀಟರ್‌ಗೂ ಹೆಚ್ಚು. ಹತ್ತನೇ ಒಂದು ಮಿಲಿಮೀಟರ್ ದಪ್ಪಕ್ಕೆ ಬಣ್ಣ ಬಳಿದರೆ ನೌಕೆಯ ಮೇಲೆ ಏಳು ಮಿಲಿಮೀಟರ್ ಗಾರೆ ಮೆತ್ತಿದಂತೆ. ಇಡೀ ಮನುಷ್ಯನೇ ಈ ಅಳತೆಯಲ್ಲಿ ಎರಡೂವರೆ ಸೆಂಟಿಮೀಟರ್ ಎತ್ತರಕ್ಕಿಳಿಯುತ್ತಾನೆ. ನೋಟದ ದೂರವನ್ನೂ ಹೀಗೆಯೇ ಲೆಕ್ಕ ಹಾಕಬಹುದು. ಅರ್ಧ ಮೀಟರ್ ದೂರದಿಂದ ಮಾಡೆಲ್ ನೋಡುವುದೆಂದರೆ 36 ಮೀಟರ್ ದೂರದಿಂದ ನೌಕೆಯನ್ನು ನೋಡಿದಂತೆ. ಅಷ್ಟು ದೂರದಲ್ಲಿ ನಿಂತ ಬಸ್ಸಿನ ಮೈಮೇಲಿನ ಬೆರಳಗಲದ ಗೀರು ನಮಗೆ ಕಾಣುತ್ತದೆಯೇ? ಕಾಣುವುದು ಬಣ್ಣ ಮಾಸಿದ ಪಟ್ಟೆ, ಹೊಗೆ ಹತ್ತಿದ ಹಿಂಬದಿ, ಗಾಲಿಯ ಸುತ್ತ ಕೆಸರು. ಹಾಗಾಗಿ ಗೀರು ಕಡಿಮೆ, ಛಾಯೆ ಹೆಚ್ಚು ಎಂಬುದು ನನ್ನ ಮಟ್ಟಿಗೆ ಅಭಿರುಚಿಯ ಮಾತಲ್ಲ, ಗುಣಾಕಾರದ ಫಲ.

ಜೋಡಣೆಯ ಹಂತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಒಂದು ವಿಷಯ ಬಿಟ್ಟು. ಪಾಲಿಸ್ಟೈರೀನ್ ಪ್ಲಾಸ್ಟಿಕ್‌ಗೆ ಬಳಸುವ ತೆಳು ಅಂಟು ನಿಜಕ್ಕೂ ಅಂಟಿಸುವುದಿಲ್ಲ. ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸಿ ತಾನು ಆವಿಯಾಗಿ ಹೋಗುತ್ತದೆ. ಬೆಸುಗೆಯಂಥದೇ ಕೆಲಸ. ಆವಿ ಪೂರ್ತಿ ಹೋಗಲು ದಿನಗಳೇ ಬೇಕು. ಅದಕ್ಕೆ ಮೊದಲೇ ಮರಳುಕಾಗದದಿಂದ ಉಜ್ಜಿ ನಯಗೊಳಿಸಿದರೆ, ಬಣ್ಣವೆಲ್ಲ ಮುಗಿದ ಮೇಲೆ ಆ ಜಾಗ ಕುಗ್ಗಿ ಸಂದು ಮತ್ತೆ ಗೆರೆಯಾಗಿ ಮೂಡುತ್ತದೆ. ಒಂದು ವಾರ ಬಿಡುವ ತಾಳ್ಮೆ ಇಲ್ಲಿ ಬೇಕೇ ಬೇಕು. ಇದು ನನ್ನ ಮುಖ್ಯ ವಾದಕ್ಕೂ ಸಂಬಂಧಪಟ್ಟದ್ದು. ನೌಕೆಯ ಮೇಲೆ ಎರಡು ಬಗೆಯ ಗೆರೆಗಳಿರುತ್ತವೆ. ವಿನ್ಯಾಸಗಾರರು ತಗಡು ತಗಡು ಸೇರುವಲ್ಲಿ ಎಳೆದದ್ದು ಒಂದು. ಕಾರ್ಖಾನೆಯ ಅಚ್ಚು ಎರಡು ಭಾಗವಾಗಿದ್ದುದರಿಂದ ಉಳಿದದ್ದು ಇನ್ನೊಂದು. ಮೊದಲನೆಯದು ನೌಕೆಯ ಕಥೆಗೆ ಸೇರಿದ್ದು, ಎರಡನೆಯದು ಕಿಟ್ಟಿನ ಕಥೆಗೆ. ಅಚ್ಚಿನಿಂದ ಭಾಗವನ್ನು ಹೊರದೂಡಿದ ಕಡ್ಡಿಯ ದುಂಡು ಗುರುತು, ಕವಲಿನಿಂದ ಕತ್ತರಿಸಿದ ಜಾಗದ ಬಿಳಿ ಕಲೆ, ಇವೂ ಕಿಟ್ಟಿನ ಕಥೆಯವೇ. ಎರಡನ್ನೂ ಬೇರ್ಪಡಿಸಿ, ಮೊದಲನೆಯದನ್ನು ಉಳಿಸಿ ಎರಡನೆಯದನ್ನು ಅಳಿಸುವುದಷ್ಟೇ ಜೋಡಣೆಯ ಗುರಿ. ಅಂಟು ಬೇಡದ, ಒತ್ತಿದರೆ ಕೂರುವ ಬಂದಾಯ್ ಕಿಟ್‌ಗಳಲ್ಲೂ ಈ ವಿವೇಚನೆ ತಪ್ಪುವುದಿಲ್ಲ.

ಬಣ್ಣಕ್ಕೆ ಬಂದರೆ, ಫಾಲ್ಕನ್ ಬಿಳಿಯ ನೌಕೆಯಲ್ಲ. ಚಿತ್ರ ನೋಡಿ ಮನಸ್ಸಿನಲ್ಲಿ ಉಳಿಯುವುದು ಬಿಳಿ. ಆದರೆ ಹತ್ತಿರದಿಂದ ನೋಡಿದರೆ ಅದು ಮಾಸಿದ ಸುಣ್ಣದ ಗೋಡೆಯಂತೆ, ಕೊಂಚ ಬೆಚ್ಚಗಿನ ಬೂದು. ಆ ಕಾರ್ಯಾಗಾರದಲ್ಲಿ ಬಳಕೆಯಲ್ಲಿದ್ದುದು ಆಟದ ರೈಲುಗಳಿಗೆಂದು ತಯಾರಾಗುತ್ತಿದ್ದ ಫ್ಲೋಕ್ವಿಲ್ ಬಣ್ಣಗಳು. ಇದರಲ್ಲೊಂದು ಔಚಿತ್ಯ ಕಾಣುತ್ತದೆ: ದುಡಿದು ಮಾಸಿದ ಗೂಡ್ಸ್ ಬೋಗಿಯ ಬಣ್ಣ, ದುಡಿದು ಮಾಸಿದ ಸರಕು ನೌಕೆಗೆ ಬಂತು. ಈ ಬೂದಿನ ಮೇಲೆ ಅಲ್ಲಲ್ಲಿ ಇಟ್ಟಿಗೆ ಕೆಂಪು, ಹಳದಿ, ಗಾಢ ಬೂದು ತಗಡುಗಳಿವೆ. ಅವು ಅಲಂಕಾರವಲ್ಲ, ಹಾಳಾದ ತಗಡು ತೆಗೆದು ಬೇರೆ ಯಾವುದೋ ನೌಕೆಯ ತಗಡು ಕೂರಿಸಿದ ಗುರುತು ಎಂದೇ ನಾನು ಓದುತ್ತೇನೆ. ಹಾಗೆ ಓದಿದ ಮೇಲೆ ಆ ಕೆಂಪು ಎಲ್ಲ ಕಡೆ ಒಂದೇ ಕೆಂಪಾಗಿರಲು ಸಾಧ್ಯವಿಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಡೆಯಿಂದ ತಂದ ತಗಡುಗಳು ಬೇರೆ ಬೇರೆಯಾಗಿಯೇ ಮಾಸಿರಬೇಕು. ಆದ್ದರಿಂದ ಒಂದಕ್ಕೆ ಹನಿ ಬಿಳಿ ಬೆರೆಸಿ, ಇನ್ನೊಂದಕ್ಕೆ ಹನಿ ಕಂದು ಬೆರೆಸಿ, ಮರೆಪಟ್ಟಿ ಅಂಟಿಸಿ ಬೇರೆಬೇರೆಯಾಗಿ ಸಿಂಪಡಿಸುವುದೇ ಸರಿ. ಏರ್‌ಬ್ರಷ್‌ಗೆ ಬಣ್ಣ ಹಾಲಿನಷ್ಟು ತೆಳುವಾಗಿರಬೇಕು, ಒಂದು ದಪ್ಪ ಲೇಪದ ಬದಲು ಮೂರು ನಾಲ್ಕು ತೆಳು ಲೇಪಗಳಿರಬೇಕು. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಸಿಂಪಡಿಸುವವರಿಗೆ ಇನ್ನೊಂದು ಮಾತು: ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ನಿಧಾನವಾಗಿ ಆರುವ ದ್ರಾವಕ ಬೆರೆಸಬೇಕು, ಇಲ್ಲವೇ ಮಳೆ ಹೊಳವಾಗುವವರೆಗೆ ಕಾಯಬೇಕು. ಮೂಗಿಗೆ ಆವಿ ತಡೆಯುವ ಮುಖಗವಸು ಯಾವ ಕಾಲದಲ್ಲೂ ಬೇಕು.

ಇನ್ನು ವೆದರಿಂಗ್, ಅಂದರೆ ಹೊಸದನ್ನು ಹಳತು ಮಾಡುವ ಕಲೆ. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಧೂಳಿಲ್ಲ. ಹಾಗಿರುವಾಗ ನೌಕೆ ಕೊಳೆಯಾಗುವುದೆಲ್ಲಿ ಎಂಬ ಆಕ್ಷೇಪ ಇಲ್ಲಿ ಎದುರಾಗುತ್ತದೆ. ಗಂಭೀರವಾದ ಆಕ್ಷೇಪವೇ. ಅದಕ್ಕೆ ಉತ್ತರ ಸಿನಿಮಾದಲ್ಲಿಲ್ಲ, ನಿಜವಾಗಿ ಬಾಹ್ಯಾಕಾಶಕ್ಕೆ ಹೋಗಿಬಂದ ವಸ್ತುಗಳಲ್ಲಿದೆ. ಅಮೆರಿಕದ ನಾಸಾ 1984ರ ಏಪ್ರಿಲ್‌ನಲ್ಲಿ ಬಸ್ಸಿನ ಗಾತ್ರದ ಒಂದು ಉಪಗ್ರಹವನ್ನು, ವಸ್ತುಗಳು ಅಲ್ಲಿ ಹೇಗೆ ಹಳತಾಗುತ್ತವೆ ಎಂದು ನೋಡುವುದಕ್ಕಾಗಿಯೇ, ಕಕ್ಷೆಯಲ್ಲಿ ಬಿಟ್ಟುಬಂತು. ಲಾಂಗ್ ಡ್ಯುರೇಷನ್ ಎಕ್ಸ್‌ಪೋಷರ್ ಫೆಸಿಲಿಟಿ ಎಂದು ಅದರ ಹೆಸರು. 1990ರ ಜನವರಿಯಲ್ಲಿ ಶಟಲ್ ನೌಕೆಯಲ್ಲಿ ಅದನ್ನು ವಾಪಸು ತಂದಾಗ ಅದರ ಮೈಮೇಲೆ ಕಣ್ಣಿಗೆ ಕಾಣುವ ಮೂವತ್ತು ಸಾವಿರಕ್ಕೂ ಹೆಚ್ಚು ಕುಳಿಗಳಿದ್ದವು. ಸಣ್ಣ ಉಲ್ಕಾಕಣಗಳೂ ಮನುಷ್ಯರೇ ಬಿಟ್ಟ ಕಸವೂ ಬಡಿದದ್ದು. ಒಳಗಿನ ವಸ್ತುಗಳಿಂದ ಸೋರಿದ ಆವಿ ಬಿಸಿಲಿಗೆ ಬೆಂದು ಕಂದು ಕಲೆಯಾಗಿ ಹರಡಿತ್ತು. ಸಾಗುವ ದಿಕ್ಕಿಗೆ ಮುಖ ಮಾಡಿದ ಬದಿ, ಆ ಎತ್ತರದಲ್ಲಿ ತೆಳುವಾಗಿರುವ ಆಮ್ಲಜನಕದ ಪರಮಾಣುಗಳ ಹೊಡೆತಕ್ಕೆ ಬೇರೆ ಬದಿಗಳಿಗಿಂತ ಹೆಚ್ಚು ಸವೆದಿತ್ತು. ಈ ಕೊನೆಯ ಸಂಗತಿ ಮಾಡೆಲ್‌ಗೆ ಬಣ್ಣ ಹಾಕುವವರಿಗೆ ಬಹಳ ಬೆಲೆಯುಳ್ಳದ್ದು: ಕಕ್ಷೆಯಲ್ಲಿ ಕೂಡ ಸವೆತಕ್ಕೊಂದು ದಿಕ್ಕಿದೆ. ಮುಂಭಾಗ ಒಂದು ಬಗೆ, ಹಿಂಭಾಗ ಇನ್ನೊಂದು ಬಗೆ. ಎಲ್ಲ ಕಡೆ ಒಂದೇ ಹದದಲ್ಲಿ ಕೊಳೆ ಬಳಿದರೆ ಅದು ಬಾಹ್ಯಾಕಾಶದ ಕೊಳೆಯೂ ಅಲ್ಲ, ಭೂಮಿಯದೂ ಅಲ್ಲ.

ಶಟಲ್ ನೌಕೆಗಳ ಸಾಕ್ಷಿ ಇನ್ನೂ ಕಣ್ಣಿಗೆ ಕಟ್ಟುವಂಥದು. ಎಂಟರ್‌ಪ್ರೈಸ್ ಎಂಬ ಮೊದಲ ಶಟಲ್ 1976ರಲ್ಲಿ ಹೊರಬಂತು. ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ಅಭಿಮಾನಿಗಳ ಪತ್ರ ಚಳವಳಿಯಿಂದ ಆ ಹೆಸರು ಬಂದದ್ದು. ಅದು ಗಾಳಿಯಲ್ಲಿ ಇಳಿಯುವ ಪರೀಕ್ಷೆಗಳಿಗೆ ಮಾತ್ರ ಬಳಕೆಯಾಯಿತು, ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ. ಡಿಸ್ಕವರಿ ಶಟಲ್ 39 ಸಲ ಹೋಗಿ ಬಂತು. 2012ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಸಮೀಪದ ಉಡ್ವಾರ್-ಹೇಜಿ ಮ್ಯೂಸಿಯಂನಲ್ಲಿ ಒಂದು ಹೊರಟು ಇನ್ನೊಂದು ಒಳಬರುವಾಗ ಎರಡನ್ನೂ ಮೂತಿಗೆ ಮೂತಿ ಎದುರಾಗಿ ನಿಲ್ಲಿಸಿದ್ದರು. ಆ ಚಿತ್ರಗಳನ್ನು ನೋಡಿದವರಿಗೆ ವೆದರಿಂಗ್ ಬಗ್ಗೆ ಬೇರೆ ಪಾಠ ಬೇಕಿಲ್ಲ. ಒಂದು ಚೊಕ್ಕ ಬಿಳಿ. ಇನ್ನೊಂದರ ಮೈಮೇಲೆ ಭೂವಾತಾವರಣಕ್ಕೆ ಮರುಪ್ರವೇಶದ ಬೆಂಕಿ ಎಳೆದ ಕಂದು ಪಟ್ಟೆಗಳು, ಬೂದಿಗೆ ತಿರುಗಿದ ಹಳೆಯ ಹೆಂಚುಗಳ ನಡುವೆ ಕಡುಕಪ್ಪಾಗಿ ಎದ್ದುಕಾಣುವ, ಬದಲಿಸಿ ಕೂರಿಸಿದ ಹೊಸ ಹೆಂಚುಗಳು. ಫಾಲ್ಕನ್‌ನ ಬಣ್ಣಬಣ್ಣದ ತಗಡುಗಳ ನಿಜಜೀವನದ ಬಂಧು ಇದೇ. ನಮ್ಮ ಇಸ್ರೋ 2007ರ ಜನವರಿಯಲ್ಲಿ ಕಕ್ಷೆಯಿಂದ ಬಂಗಾಳ ಕೊಲ್ಲಿಗೆ ಇಳಿಸಿ ಮೇಲೆತ್ತಿದ ಎಸ್‌ಆರ್‌ಇ-1 ಕೋಶದ ಸುಟ್ಟ ಮೈಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಮೇಲೆ ಇದ್ದದ್ದು ಹನ್ನೆರಡೇ ದಿನ. ಬೆಂಕಿಯ ಹಾದಿ ಕೆಲವೇ ನಿಮಿಷಗಳದು. ಆದರೂ ಅದರ ಮೈ ಆ ಹಾದಿಯನ್ನು ಬರೆದಿಟ್ಟುಕೊಂಡಿದೆ.

ಹಾಗೆಂದು ಏನು ಬೇಕಾದರೂ ಬಳಿಯಬಹುದೆಂದಲ್ಲ. ಈ ಹವ್ಯಾಸದಲ್ಲಿ ಅತಿಯಾಗಿ ಬಳಕೆಯಾಗುವ ಬಣ್ಣ ತುಕ್ಕಿನ ಕಿತ್ತಳೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ಮಾತ್ರ ಆ ತುಕ್ಕು. ಹಾರುವ ಯಂತ್ರಗಳ ಹೊರಮೈಗೆ ಹೆಚ್ಚಾಗಿ ಬಳಸುವುದು ಅಲ್ಯೂಮಿನಿಯಂನಂಥ ಹಗುರ ಲೋಹಗಳನ್ನು. ಅವು ಕೆಂಪಗೆ ತುಕ್ಕು ಹಿಡಿಯುವುದಿಲ್ಲ, ಮಂಕಾಗುತ್ತವೆ. ಬಣ್ಣದ ಚಕ್ಕೆ ಎದ್ದರೆ ಕೆಳಗೆ ಕಾಣುವುದು ಹಳದಿಮಿಶ್ರಿತ ಹಸಿರು ಪ್ರೈಮರ್ ಅಥವಾ ಬೆಳ್ಳಿಯ ಲೋಹ. ಆದ್ದರಿಂದ ತುಕ್ಕಿನ ಬಣ್ಣ ಬೇಕೇ ಬೇಕೆನಿಸಿದರೆ, ಈ ಭಾಗ ಉಕ್ಕಿನದು ಎಂದು ತೀರ್ಮಾನಿಸಿದ ಕಡೆ ಮಾತ್ರ, ಉದಾಹರಣೆಗೆ ನೌಕೆ ನೆಲದ ಮೇಲೆ ನಿಲ್ಲುವ ಕಾಲಿನ ಬುಡದಲ್ಲಿ, ಚಿಟಿಕೆಯಷ್ಟು ಬಳಸುವುದು ನನಗೆ ಸರಿಯೆನಿಸುತ್ತದೆ. ದಿಕ್ಕಿನ ಮಾತೂ ಹೀಗೆಯೇ. ನಿಂತ ನೌಕೆಯ ಮಗ್ಗುಲಲ್ಲಿ ಸೋರಿದ ದ್ರವ ನೆಲದ ಕಡೆಗೆ ಇಳಿಯುತ್ತದೆ. ವಾತಾವರಣದಲ್ಲಿ ಹಾರುವಾಗ ಹಿಡಿದ ಮಸಿ ಮುಂದಿನಿಂದ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಫಾಲ್ಕನ್‌ನ ಚಪ್ಪಟೆ ಬೆನ್ನಿನ ಮೇಲೆ ದ್ರವ ಇಳಿಯಲು ಜಾಗವೇ ಇಲ್ಲ. ಅಲ್ಲಿ ಅದು ತಗ್ಗಿನಲ್ಲಿ ನಿಂತು ಆರಿ, ಅಂಚು ಗಾಢವಾಗಿ ನಡು ತಿಳಿಯಾಗಿ ವರ್ತುಲ ಬಿಡುತ್ತದೆ. ಗುಂಡಿನ ಸುಟ್ಟ ಗುರುತು ಇವೆರಡನ್ನೂ ಲೆಕ್ಕಿಸದೆ ಬಿದ್ದಲ್ಲಿ ಸುತ್ತಲೂ ಚಿಮ್ಮುತ್ತದೆ. ಮೂರು ಬಗೆಯ ಕಪ್ಪು, ಮೂರು ಬಗೆಯ ನಡೆ. ಎಣ್ಣೆಬಣ್ಣದ ಚುಕ್ಕೆಯಿಟ್ಟು, ದ್ರಾವಕದಲ್ಲಿ ಅದ್ದಿ ಹಿಂಡಿದ ಕುಂಚದಿಂದ ಎಳೆಯುವ ವಿಧಾನ ನನಗೆ ಇದಕ್ಕೆಲ್ಲ ಒಗ್ಗಿದೆ, ಯಾಕೆಂದರೆ ಅದು ತಡವಾಗಿ ಆರುತ್ತದೆ, ಯೋಚಿಸಲು ಸಮಯ ಕೊಡುತ್ತದೆ.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಮೂಲವಿಲ್ಲವೆಂದವರಾರು, ಚಿತ್ರೀಕರಣದ ಮಾದರಿಯೇ ಮೂಲವಲ್ಲವೇ, ಅದನ್ನು ಗೆರೆಗೆ ಗೆರೆ ನಕಲು ಮಾಡಿದರೆ ಈ ಕಾರಣಗಳ ಗೋಜೇಕೆ? ಈ ಹಾದಿಯಲ್ಲಿ ಹೋಗುವವರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಒಂದೊಂದು ತುಣುಕು ಯಾವ ಕಿಟ್ಟಿನದೆಂದು ಪತ್ತೆಹಚ್ಚಿದವರಿದ್ದಾರೆ, ಅವರ ದುಡಿಮೆಯಿಂದ ನನಗೂ ಲಾಭವಾಗಿದೆ. ಆದರೆ ಯಾವ ಮೂಲ ಎಂಬ ಪ್ರಶ್ನೆ ಉಳಿಯುತ್ತದೆ. 1977ರ ಚಿತ್ರದ ಐದಡಿಯ ಮಾದರಿಗೆ ಮೂರು ಇಳಿಗಾಲಿನ ಪೆಟ್ಟಿಗೆಗಳಿದ್ದವು. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಹೊತ್ತಿಗೆ ಅವು ಐದಾದವು, 32 ಅಂಗುಲದ ಹೊಸ ಮಾದರಿಯೊಂದು ಕೂಡ ಬಂತು. ಮೊದಲ ಚಿತ್ರಕ್ಕಾಗಿ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಅರ್ಧ ನೌಕೆಯನ್ನಷ್ಟೇ ಪೂರ್ಣ ಗಾತ್ರದಲ್ಲಿ ಕಟ್ಟಿದ್ದರು. ಎರಡನೆಯದಕ್ಕೆ 1979ರಲ್ಲಿ ವೇಲ್ಸ್‌ನ ಪೆಂಬ್ರೋಕ್ ಡಾಕ್‌ನಲ್ಲಿ ಪೂರ್ತಿ ನೌಕೆ ಎದ್ದಿತು. ಇವು ಯಾವುವೂ ಒಂದರಂತೆ ಇನ್ನೊಂದಿಲ್ಲ. ಬಣ್ಣದ ವಿಷಯದಲ್ಲಂತೂ ಆ ಮಾದರಿಗಳು ಕ್ಯಾಮೆರಾದ ಆಳುಗಳು. ಅದೇ ಮೊದಲ ಚಿತ್ರದ ಎಕ್ಸ್-ವಿಂಗ್ ಎಂಬ ಯುದ್ಧನೌಕೆಗಳ ತಂಡಕ್ಕೆ ಮೊದಲು ನೀಲಿ ಗುರುತುಗಳೆಂದೇ ಯೋಚಿಸಿದ್ದರು. ಚಿತ್ರೀಕರಣ ನೀಲಿ ಪರದೆಯ ಮುಂದೆ ಆಗುವುದರಿಂದ ನೀಲಿ ಬಳಿದ ಭಾಗ ಮಾಯವಾಗುತ್ತದೆಂದು ಕೆಂಪಿಗೆ ಬದಲಾಯಿಸಿದರು. ಅದೇ ಕಾರಣಕ್ಕೆ ಕೆಲವು ದೃಶ್ಯಗಳಲ್ಲಿ ಪುಟ್ಟ ಆರ್2-ಡಿ2 ರೋಬಾಟ್‌ನ ನೀಲಿ ಪಟ್ಟಿಗಳು ಕಪ್ಪಾಗಿ ಕಾಣುತ್ತವೆ. ಆ ಪಟ್ಟಿಗಳಿಗೆ ಬಣ್ಣ ಹಾಕುವವರು ಕಪ್ಪು ಹಾಕಬೇಕೇ, ನೀಲಿಯೇ? ನೀಲಿ ಎನ್ನುವುದಾದರೆ ಪರದೆಯ ಮೇಲೆ ಕಂಡದ್ದನ್ನು ಬಿಟ್ಟು ಕಥೆಯ ಒಳಗಿನ ಕಾರಣವನ್ನು ಆರಿಸಿಕೊಂಡ ಹಾಗಾಯಿತು. ನಕಲು ಮಾಡುವವರೂ ಕೊನೆಗೆ ಕಾರಣದ ಬಾಗಿಲಿಗೇ ಬರಬೇಕಾಗುತ್ತದೆ.

ಎಲ್ಲ ನೌಕೆಗಳೂ ಕೊಳಕಾಗಿರಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಖಂಡಿತ ಇಲ್ಲ. 1968ರ ‘2001: ಎ ಸ್ಪೇಸ್ ಒಡಿಸಿ’ ಚಿತ್ರದ ಡಿಸ್ಕವರಿ ನೌಕೆ ಬೆಳ್ಳಗಿದೆ. ಅದರ ದೊಡ್ಡ ಮಾದರಿ 54 ಅಡಿ ಉದ್ದವಿತ್ತು. ಅದರ ಗಾತ್ರದ ನಂಬಿಕೆ ಹುಟ್ಟುವುದು ಸೂಕ್ಷ್ಮ ವಿವರಗಳಿಂದ, ಮಸಿಯಿಂದಲ್ಲ. ಆ ನೌಕೆ ಯಾವ ಗ್ರಹದ ಮೇಲೂ ಇಳಿಯುವುದಕ್ಕಾಗಿ ಕಟ್ಟಿದ್ದಲ್ಲ, ಅದರದು ಮೊದಲ ಪಯಣ, ಅದನ್ನು ನೋಡಿಕೊಳ್ಳಲು ಒಂದು ಸರ್ಕಾರವಿದೆ. ಅದರ ಶುಭ್ರತೆಗೂ ಕಾರಣವಿದೆ ಎಂದಾಯಿತು. ‘ಸ್ಟಾರ್ ಟ್ರೆಕ್’ನ ಎಂಟರ್‌ಪ್ರೈಸ್ ಇನ್ನೂ ಸೂಕ್ಷ್ಮವಾದ ಉದಾಹರಣೆ. 1964ರಲ್ಲಿ ಕಟ್ಟಿದ ಅದರ ಹನ್ನೊಂದಡಿಯ ಮಾದರಿ 1974ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿತು. ತೊಂಬತ್ತರ ದಶಕದ ಆರಂಭದ ದುರಸ್ತಿಯಲ್ಲಿ ಅದರ ಮೈಮೇಲೆ ದಟ್ಟವಾದ ಚೌಕುಳಿ ಗೆರೆಗಳು ಬಂದವು, ಅಭಿಮಾನಿಗಳು ಒಪ್ಪಲಿಲ್ಲ. 2016ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ, ತಟ್ಟೆಯ ಮೇಲ್ಭಾಗದಲ್ಲಿ ಉಳಿದಿದ್ದ ಮೂಲ ಬಣ್ಣವನ್ನು ಆಧಾರವಾಗಿಟ್ಟುಕೊಂಡು ಉಳಿದ ಮೈಯನ್ನು ಹೊಂದಿಸಿದರು. ಆ ಮೂಲ ಬಣ್ಣದಲ್ಲಿ ಪೆನ್ಸಿಲಿನ ತೆಳು ಗೆರೆಗಳಿವೆ, ಉಸಿರಿನಷ್ಟು ಹಗುರವಾದ ಕಲೆಗಳಿವೆ. ನಾವು ಚೊಕ್ಕವೆಂದು ನೆನಪಿಟ್ಟುಕೊಂಡ ನೌಕೆ ಕೂಡ ಬೋಳುಬಣ್ಣದ್ದಲ್ಲ. ಎಂಟರ್‌ಪ್ರೈಸ್ ಕಿಟ್ ಜೋಡಿಸುವಾಗ ಮಾಡಬೇಕಾದ್ದು ಅಷ್ಟೇ, ಕಣ್ಣಿಗೆ ಬೀಳುವುದಕ್ಕಿಂತ ಒಂದು ಎಳೆ ಕೆಳಗೆ ನಿಲ್ಲಿಸುವುದು. ನನಗದು ಫಾಲ್ಕನ್‌ಗಿಂತ ಕಷ್ಟದ ಕೆಲಸ. 1967ರಲ್ಲಿ ಇದೇ ಸರಣಿಗೆ ಜಖಂಗೊಂಡ ಇನ್ನೊಂದು ನೌಕೆ ಬೇಕಾದಾಗ ಅಂಗಡಿಯ ಎಎಂಟಿ ಕಂಪನಿಯ ಎಂಟರ್‌ಪ್ರೈಸ್ ಕಿಟ್ಟನ್ನೇ ತಂದು, ಸುಟ್ಟು ವಿರೂಪಗೊಳಿಸಿ, ಕಿಟ್ಟಿನ 1701 ಸಂಖ್ಯೆಯ ಅಂಕಿಗಳನ್ನೇ ತಿರುಗಿಸಿ 1017 ಎಂದು ಅಂಟಿಸಿ ಕಾನ್‌ಸ್ಟೆಲೇಷನ್ ಮಾಡಿದ್ದರು. ಹವ್ಯಾಸಿಗಳ ಕಿಟ್ಟೇ ಪರದೆಯ ಮೇಲಿನ ಮೂಲವಾದ ಈ ಪ್ರಸಂಗ ನನಗೆ ತುಂಬ ಇಷ್ಟ.

ಕೊನೆಯದಾಗಿ, ಈಗಿನ ಕಿಟ್‌ಗಳು ಬಣ್ಣದ ಪ್ಲಾಸ್ಟಿಕ್‌ನಲ್ಲೇ ಬರುತ್ತವೆ, ಜೋಡಿಸಿಟ್ಟರೆ ಸಾಕು ಎನ್ನುವವರಿದ್ದಾರೆ. ಜೋಡಿಸುವ ಸಂತೋಷವೇ ಸಾಕೆನ್ನುವವರಿಗೆ ನನ್ನ ತಕರಾರಿಲ್ಲ. ಆದರೆ ಬಣ್ಣ ಕಾಣದ ಪ್ಲಾಸ್ಟಿಕ್ ಬೆಳಕನ್ನು ಸ್ವಲ್ಪ ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಮೇಣದಂತೆ. ಲೋಹ ಹಾಗೆ ಮಾಡುವುದಿಲ್ಲ. ಒಂದು ತೆಳು ಪ್ರೈಮರ್ ಹೊಡೆದ ಕೂಡಲೇ ಅದೇ ಭಾಗ ಗಟ್ಟಿಯಾಗಿ, ತೂಕವುಳ್ಳದ್ದಾಗಿ ಕಾಣುವುದಕ್ಕೆ ಇದೇ ಕಾರಣ. ಇನ್ನೊಂದು ವ್ಯಾವಹಾರಿಕ ಎಚ್ಚರಿಕೆಯೂ ಇದೆ: ಒತ್ತಿ ಕೂರಿಸಿದ ಕೀಲುಗಳಲ್ಲಿ ಪ್ಲಾಸ್ಟಿಕ್ ಬಿಗಿತದಲ್ಲಿರುತ್ತದೆ, ಸಂದುಗಳಿಗೆ ಹರಿಸುವ ತೆಳು ಬಣ್ಣ, ಅಂದರೆ ಎನಾಮೆಲ್ ದ್ರಾವಕದ ವಾಶ್, ಅಲ್ಲಿಗೆ ನೇರವಾಗಿ ಇಳಿದರೆ ಸೀಳಿಬಿಡುತ್ತದೆ. ಬಣ್ಣವೂ ಅದರ ಮೇಲಿನ ಹೊಳಪಿನ ಲೇಪವೂ ತಡೆಗೋಡೆಯಾಗಿ ಇರಬೇಕು. ಆ ಹೊಳಪಿನ ಲೇಪದ ಮೇಲೆ ಡೆಕಾಲ್ ಎಂಬ ಅಂಟುಚಿತ್ರ, ಡೆಕಾಲ್ ಮೇಲೆ ಮತ್ತೊಂದು ಲೇಪ, ಆಮೇಲೆ ವಾಶ್, ಕೊನೆಗೆ ಹೊಳಪನ್ನೆಲ್ಲ ನುಂಗುವ ಮ್ಯಾಟ್ ವಾರ್ನಿಷ್. ಒರಟು ಮೈಮೇಲೆ ಡೆಕಾಲ್ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ, ಇಡೀ ಭ್ರಮೆ ಅಲ್ಲಿಗೆ ಹರಿಯುತ್ತದೆ.

ಮ್ಯಾಟ್ ವಾರ್ನಿಷ್‌ಗೆ ಮೊದಲು ಇನ್ನೊಂದು ಕೆಲಸ ಉಳಿಸಿಕೊಳ್ಳುತ್ತೇನೆ. ನೌಕೆಯ ಬೆನ್ನಿನ ಮೇಲೆ, ಎಂಜಿನ್ನಿನ ಜಾಲರಿಗಳಿಗೆ ಸಮೀಪ, ಉಗುರಿನಗಲದ ಒಂದು ತಗಡನ್ನು ಆರಿಸಿ ಅದರ ಸುತ್ತ ಮರೆಪಟ್ಟಿ ಹಾಕಿ, ಅದರ ಮೇಲೆ ಕೂತ ಮಸಿಯನ್ನೆಲ್ಲ ಮುಚ್ಚುವಂತೆ ಮೂಲ ಬೂದು ಬಣ್ಣವನ್ನೇ ಮತ್ತೊಮ್ಮೆ ತೆಳುವಾಗಿ ಸಿಂಪಡಿಸುತ್ತೇನೆ. ಪಟ್ಟಿ ಬಿಚ್ಚಿದಾಗ ಸುತ್ತಲಿನಿಂದ ಹರಿದುಬಂದ ಹೊಗೆಯ ಗೆರೆಗಳು ಆ ತಗಡಿನ ಅಂಚಿಗೆ ಬಂದು ನಿಂತು, ಆಚೆ ಅಂಚಿನಲ್ಲಿ ಮತ್ತೆ ಮುಂದುವರಿಯುತ್ತವೆ. ನಡುವೆ ಚೊಕ್ಕ ಬೂದು. ಹೋದ ವಾರವಷ್ಟೇ ಯಾರೋ ಏಣಿ ಹಾಕಿ ಹತ್ತಿ, ಹಳೆಯದನ್ನು ಬಿಚ್ಚಿ, ಇದನ್ನು ಬಿಗಿದು ಇಳಿದಿದ್ದಾರೆ.